ಸರಸ್ವತೀ ಭಂಡಾರದಿಂದ ಆಜ್ಞಾಸಾಲಿಗೆ: ಸೇಡಂ–ಚಿತ್ತಾಪುರ ಪರಿಸರದ ಸಂಶೋಧನ ಕಡತಗಳ ನಿರ್ವಹಣೆ

ಪೀಠಿಕೆ

ಚಿತ್ತಾಪುರಕ್ಕೆ ಸಮೀಪದ ನಾಗಾವಿಯು ಕಲ್ಯಾಣ ಚಾಲುಕ್ಯರ ಕಾಲದ ಪ್ರಸಿದ್ಧ ಘಟಿಕಾಸ್ಥಾನ. ತ್ರೈಲೋಕ್ಯಮಲ್ಲ ಒಂದನೆಯ ಸೋಮೇಶ್ವರನ ಆಳ್ವಿಕೆಗೆ ಸೇರಿದ ಕ್ರಿ.ಶ. 1058ರ ಅಲ್ಲಿನ ಶಾಸನವು ವೇದ ಮತ್ತು ಶಾಸ್ತ್ರಗಳನ್ನು ಬೋಧಿಸುವ ಆರು ಮಂದಿ ಅಧ್ಯಾಪಕರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಉಲ್ಲೇಖಿಸುತ್ತದೆ. ಕಲಿಸುವವರ ಸಂಖ್ಯೆಗೆ ಸಮನಾಗಿ ಗ್ರಂಥಗಳನ್ನು ಕಾಯುವವರನ್ನು ನೇಮಿಸಿದ್ದು ಗಮನಾರ್ಹ. ಗ್ರಂಥರಕ್ಷಣೆಯನ್ನು ವಿದ್ಯೆಯ ಹೊರಗಿನ ಕೆಲಸವೆಂದು ಆ ಕಾಲ ಭಾವಿಸಿರಲಿಲ್ಲ.

ಇಂದಿನ ಕನ್ನಡ ಸಂಶೋಧನೆಯಲ್ಲಿ ಈ ಹೊಣೆ ಯಾರದೆಂಬುದು ಸ್ಪಷ್ಟವಾಗಿಲ್ಲ. ಮಹಾಪ್ರಬಂಧಗಳು ಶೋಧಗಂಗಾದಂತಹ ಭಂಡಾರಗಳನ್ನು ಸೇರುತ್ತಿದ್ದರೂ ಅವುಗಳಿಗೆ ಆಧಾರವಾದ ಕ್ಷೇತ್ರಕಾರ್ಯದ ಸಾಮಗ್ರಿ ಸಾಮಾನ್ಯವಾಗಿ ಸಂಶೋಧಕರ ಕಂಪ್ಯೂಟರಿನಲ್ಲಿಯೇ ಉಳಿಯುತ್ತದೆ. ಆ ಕಡತಗಳ ಪಾಲನೆಯೂ ಗ್ರಂಥಸಂಪಾದನೆಯ ಒಂದು ಅಂಗವೇ ಎಂಬುದನ್ನು, ಆಜ್ಞಾಸಾಲಿನ ಉಪಕರಣಗಳು ಅದಕ್ಕೆ ಎಷ್ಟರಮಟ್ಟಿಗೆ ನೆರವಾಗುತ್ತವೆ, ಎಲ್ಲಿ ಸೋಲುತ್ತವೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಸಾಮಗ್ರಿಯ ಸ್ವರೂಪ

ನಿದರ್ಶನಕ್ಕಾಗಿ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಎಂಬ ಹೆಸರಿನ ಐದು ಕಡತಕೋಶಗಳನ್ನು ಕಲ್ಪಿಸಿಕೊಳ್ಳಬಹುದು. ಮೊದಲನೆಯದರಲ್ಲಿ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಶಾಸನಪಾಠಗಳು, ಎರಡನೆಯದರಲ್ಲಿ ನಾಗಾವಿ ಮತ್ತು ಸನ್ನತಿಯ ಛಾಯಾಚಿತ್ರಗಳು, ಮೂರನೆಯದರಲ್ಲಿ ರೈಲು ಮತ್ತು ಸಿಮೆಂಟು ಕಾರ್ಮಿಕರ ಮೌಖಿಕ ಕಥನಗಳು, ನಾಲ್ಕನೆಯದರಲ್ಲಿ ಕಲ್ಲುಗಣಿಯವರ ವೃತ್ತಿಪದಗಳು, ಐದನೆಯದರಲ್ಲಿ ತಾಂಡಾಗಳ ಲಂಬಾಣಿ ಹಾಡುಗಳ ಧ್ವನಿಮುದ್ರಣಗಳು ಇರಬಹುದು. ಕನ್ನಡ, ತೆಲುಗು, ಉರ್ದು, ಮರಾಠಿ ಮತ್ತು ಲಂಬಾಣಿಗಳು ಕೂಡುವ ಈ ಪರಿಸರದಲ್ಲಿ ಒಬ್ಬ ಹಾಡುಗಾರ್ತಿಯ ಪಾಠ ಮತ್ತೊಮ್ಮೆ ಅದೇ ರೂಪದಲ್ಲಿ ದೊರೆಯುವುದಿಲ್ಲ. ಇಲ್ಲಿ ಕಡತವೊಂದು ನಾಶವಾದರೆ ಒಂದು ಪಾಠಾಂತರವೇ ನಾಶವಾದಂತೆ.

ಸನ್ನತಿಯ ಅಶೋಕ ಶಾಸನವನ್ನು ಈ ಸಂದರ್ಭದಲ್ಲಿ ನೆನೆಯಬಹುದು. ಆ ಬಂಡೆ ದೇವಾಲಯದ ವಿಗ್ರಹವೊಂದಕ್ಕೆ ಪೀಠವಾಗಿ ಬಳಕೆಯಾಗಿತ್ತು. ವಿಗ್ರಹವನ್ನು ನಿಲ್ಲಿಸಲು ನಡುವೆ ರಂಧ್ರ ಕೊರೆದಾಗ ಅಲ್ಲಿದ್ದ ಅಕ್ಷರಗಳು ಹೋದವು. ನಾಶಪಡಿಸುವ ಉದ್ದೇಶ ಯಾರಿಗೂ ಇದ್ದಿರಲಾರದು. ಹಳೆಯದರ ಮೇಲೆ ಹೊಸ ಉಪಯೋಗ ಬಂದು ಕೂತಿತು, ಅಷ್ಟೇ. ಕಂಪ್ಯೂಟರಿನಲ್ಲಿ ಹಳೆಯ ಕಡತದ ಮೇಲೆ ಅದೇ ಹೆಸರಿನ ಹೊಸ ಕಡತ ಬಂದಾಗ ಆಗುವುದೂ ಇದೇ.

ಪ್ರತಿ, ಸ್ಥಳಾಂತರ, ಅಳಿಸುವಿಕೆ

ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಮೊದಲಾದವರು 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಆರಂಭಿಸಿದ ಯುನಿಕ್ಸ್ ವ್ಯವಸ್ಥೆಯಿಂದ ಬಂದ ಕಿರು ಆಜ್ಞೆಗಳು ಇಂದಿಗೂ ಲಿನಕ್ಸ್ ಮತ್ತು ಮ್ಯಾಕ್ ಗಣಕಗಳಲ್ಲಿ ಬಳಕೆಯಲ್ಲಿವೆ. ಪ್ರತಿ ಮಾಡಲು ‘ಸಿಪಿ’, ಸ್ಥಳ ಅಥವಾ ಹೆಸರು ಬದಲಿಸಲು ‘ಎಂವಿ’, ಅಳಿಸಲು ‘ಆರ್‌ಎಂ’ ಎಂಬ ಆಜ್ಞೆಗಳಿವೆ. ಇವು ಮಿತಭಾಷಿಗಳು. ಗುರಿಯ ಸ್ಥಳದಲ್ಲಿ ಅದೇ ಹೆಸರಿನ ಕಡತವಿದ್ದರೆ ಮೊದಲೆರಡು ಆಜ್ಞೆಗಳು ಸಾಮಾನ್ಯವಾಗಿ ಕೇಳದೆಯೇ ಅದರ ಮೇಲೆ ಬರೆಯುತ್ತವೆ. ಮೂರನೆಯದು ಅಳಿಸಿದ್ದು ಕಸದಬುಟ್ಟಿಗೆ ಹೋಗುವುದಿಲ್ಲ. ಆದಕಾರಣ ಮೊದಲೇ ಕೇಳಿಕೊಳ್ಳುವ ‘ಐ’ ಎಂಬ ಆಯ್ಕೆಯನ್ನು ಜೊತೆಗೆ ಬಳಸುವುದು ಉಚಿತ.

ಸಿಪಿ ಆಜ್ಞೆಯ ಇನ್ನೊಂದು ಗುಣವನ್ನು ಸಂಶೋಧಕರು ಅರಿತಿರಬೇಕು. ಹಾಗೆಯೇ ಬಳಸಿದರೆ ಪ್ರತಿಯ ಮೇಲೆ ನಕಲು ಮಾಡಿದ ದಿನಾಂಕ ಬೀಳುತ್ತದೆ. ‘ಪಿ’ ಆಯ್ಕೆಯಿದ್ದರೆ ಮೂಲ ಕಡತದ ದಿನಾಂಕ ಉಳಿಯುತ್ತದೆ. ಧ್ವನಿಮುದ್ರಣದ ದಿನವನ್ನು ಬೇರೆಡೆ ಬರೆದಿಡದಿದ್ದಲ್ಲಿ ಈ ದಿನಾಂಕವೇ ಏಕೈಕ ಸಾಕ್ಷ್ಯವಾಗಿರಬಹುದು. ಓಲೆಗರಿ ಪ್ರತಿಯ ಕೊನೆಯಲ್ಲಿ ಲಿಪಿಕಾರನು ಬರೆಯುತ್ತಿದ್ದ ಸಂವತ್ಸರ, ತಿಥಿ, ವಾರಗಳಿಗೆ ಇದು ಸಮಾನವಾದುದು.

ಪ್ರತಿಯ ಶುದ್ಧತೆ

ನಕಲು ಮೂಲಕ್ಕೆ ಸಮನಾಗಿದೆಯೆಂದು ತಿಳಿಯುವುದು ಹೇಗೆ? ‘ಶಾ-256-ಸಮ್’ ಎಂಬ ಉಪಕರಣವು ಕಡತದ ಒಟ್ಟು ವಿಷಯದಿಂದ 64 ಚಿಹ್ನೆಗಳ ಒಂದು ಮುದ್ರೆಯನ್ನು ಲೆಕ್ಕಹಾಕಿ ಕೊಡುತ್ತದೆ. ಒಂದು ಅನುಸ್ವಾರ ಬದಲಾದರೂ ಮುದ್ರೆ ಸಂಪೂರ್ಣ ಬೇರೆಯಾಗುತ್ತದೆ. ಎಲ್ಲ ಕಡತಗಳ ಮುದ್ರೆಗಳನ್ನು ಒಂದು ಪಟ್ಟಿಯಲ್ಲಿ ಉಳಿಸಿಟ್ಟು, ವರ್ಷಕ್ಕೊಮ್ಮೆ ಅದೇ ಉಪಕರಣದಿಂದ ತಾಳೆ ನೋಡಿದರೆ ಯಾವ ಕಡತ ಕೆಟ್ಟಿದೆಯೆಂಬುದು ತಿಳಿಯುತ್ತದೆ.

ಮುದ್ರೆಯು ವ್ಯತ್ಯಾಸವಿದೆ ಎಂದಷ್ಟೇ ಹೇಳುತ್ತದೆ. ಎಲ್ಲಿದೆ ಎಂಬುದನ್ನು ತೋರಿಸುವುದು ‘ಡಿಫ್’. ಇದು ಎರಡು ಪಠ್ಯಗಳನ್ನು ಸಾಲು ಸಾಲಾಗಿ ಹೋಲಿಸುತ್ತದೆ. ಶಾಸನಪಾಠವನ್ನು ಶಿಲೆಯ ಸಾಲಿಗೊಂದು ಸಾಲಿನಂತೆ ಸರಳ ಪಠ್ಯದಲ್ಲಿ ಬರೆದಿಟ್ಟರೆ ಇಬ್ಬರು ಸಂಪಾದಕರ ಓದಿನ ಭೇದಗಳು ಕೂಡಲೇ ದೊರೆಯುತ್ತವೆ. ವರ್ಡ್ ಕಡತಗಳಲ್ಲಿ ಪಠ್ಯವು ವಿನ್ಯಾಸದ ಮಾಹಿತಿಯೊಡನೆ ಬೆರೆತಿರುವುದರಿಂದ ಈ ಸೌಲಭ್ಯ ನೇರವಾಗಿ ಸಿಗುವುದಿಲ್ಲ.

ಹೊರಗಿನ ಡಿಸ್ಕಿಗೆ ಪ್ರತಿ ಕಳುಹಿಸಲು 1996ರಲ್ಲಿ ಪ್ರಕಟವಾದ ‘ಆರ್‌ಸಿಂಕ್’ ಅನುಕೂಲಕರ. ಅದು ಬದಲಾದ ಕಡತಗಳನ್ನು ಮಾತ್ರ ಸಾಗಿಸುತ್ತದೆ. ಆದರೆ ಬದಲಾವಣೆಯನ್ನು ಅದು ಸಾಮಾನ್ಯವಾಗಿ ಗಾತ್ರ ಮತ್ತು ದಿನಾಂಕಗಳಿಂದ ಊಹಿಸುತ್ತದೆ. ಒಳಗಿನ ವಿಷಯವನ್ನೇ ಹೋಲಿಸಬೇಕಾದರೆ ‘ಚೆಕ್‌ಸಮ್’ ಆಯ್ಕೆ ಬೇಕು. ‘ಡಿಲೀಟ್’ ಆಯ್ಕೆ ಕೊಟ್ಟರೆ ಮೂಲದಲ್ಲಿ ಕೈತಪ್ಪಿ ಅಳಿಸಿದ್ದು ಪ್ರತಿಯಲ್ಲಿಯೂ ಅಳಿಯುತ್ತದೆ. ಏನಾಗಲಿದೆ ಎಂಬುದನ್ನು ಮುಂಚಿತವಾಗಿ ತೋರಿಸುವ ‘ಡ್ರೈ ರನ್’ ಇಲ್ಲದೆ ಅದನ್ನು ಬಳಸದಿರುವುದು ಕ್ಷೇಮ.

ಕನ್ನಡಾಕ್ಷರವನ್ನು ಕಾಣದ ಉಪಕರಣಗಳು

ಕನ್ನಡ ಸಂಶೋಧಕರಿಗೆ ವಿಶಿಷ್ಟವಾದ ತೊಡಕು ಇರುವುದು ಹುಡುಕಾಟದಲ್ಲಿ. ಪಠ್ಯದೊಳಗೆ ಪದವನ್ನು ಹುಡುಕುವ ‘ಗ್ರೆಪ್’ ಮತ್ತು ಹೆಸರಿನಿಂದ ಕಡತವನ್ನು ಹುಡುಕುವ ‘ಫೈಂಡ್’ ಅಕ್ಷರದ ಆಕಾರವನ್ನು ನೋಡುವುದಿಲ್ಲ. ಸಂಕೇತಗಳ ಕ್ರಮವನ್ನು ಮಾತ್ರ ನೋಡುತ್ತವೆ.

ಸೇಡಂ ಎಂಬ ಹೆಸರನ್ನೇ ಗಮನಿಸೋಣ. ಯೂನಿಕೋಡ್‌ನಲ್ಲಿ ಏತ್ವದ ದೀರ್ಘ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ ಮತ್ತು ದೀರ್ಘ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಯುಟಿಎಫ್-8 ರೂಪದಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟುಗಳು ಬೇಕಾಗುವುದರಿಂದ ಒಂದು ಸೇಡಂ 12 ಬೈಟುಗಳದ್ದು, ಇನ್ನೊಂದು 15 ಬೈಟುಗಳದ್ದು. ಪರದೆಯ ಮೇಲೆ ಎರಡೂ ಒಂದೇ. ಚಿಂಚೋಳಿಯ ಓತ್ವಕ್ಕೆ ಒಂದು, ಎರಡು ಅಥವಾ ಮೂರು ಸಂಕೇತಗಳ ರೂಪಗಳು ಸಾಧ್ಯ. ಒಂದು ರೂಪದಿಂದ ಹುಡುಕಿದವರಿಗೆ ಇನ್ನೊಂದು ರೂಪದ ಕಡತ ಸಿಗುವುದಿಲ್ಲ. ಸಿಗದಿದ್ದುದನ್ನು ಇಲ್ಲವೆಂದೇ ಭಾವಿಸುವ ಅಪಾಯವಿದೆ. ‘ಶಹಾಬಾದ್‌ನಲ್ಲಿ’ ಎಂಬ ಪದದಲ್ಲಿ ದಕಾರದ ನಂತರ ನಕಾರವು ಒತ್ತಾಗದಂತೆ ತಡೆಯಲು ಕಣ್ಣಿಗೆ ಕಾಣದ ಸಂಕೇತವೊಂದು ಸೇರುತ್ತದೆ. ಅದು ಕೆಲವು ಕಡತಗಳಲ್ಲಿ ಇದ್ದು ಕೆಲವದರಲ್ಲಿ ಇಲ್ಲದಿರಬಹುದು. ಚಿತ್ತಾಪುರ ಮತ್ತು ವಾಡಿ ಎಂಬ ರೂಪಗಳಿಗೆ ಮಾತ್ರ ಈ ತೊಡಕಿಲ್ಲ. ಐಸಿಯು ತಂತ್ರಾಂಶದೊಡನೆ ದೊರೆಯುವ ‘ಯುಕಾನ್ವ್’ ಉಪಕರಣವು ಓತ್ವ ಏತ್ವಗಳನ್ನು ಒಂದೇ ರೂಪಕ್ಕೆ ತರಬಲ್ಲದು. ಕಾಣದ ಸಂಕೇತದ ವಿಷಯದಲ್ಲಿ ಸಂಶೋಧಕರೇ ನಿಯಮ ಮಾಡಿಕೊಳ್ಳಬೇಕು.

ಹೆಸರಿನ ಉದ್ದಕ್ಕೂ ಮಿತಿಯಿದೆ. ಲಿನಕ್ಸ್‌ನ ಸಾಮಾನ್ಯ ಕಡತವ್ಯವಸ್ಥೆಯಲ್ಲಿ ಹೆಸರು 255 ಬೈಟುಗಳನ್ನು ಮೀರುವಂತಿಲ್ಲ. ಅಂದರೆ 85 ಕನ್ನಡ ಸಂಕೇತಗಳು. ಚಿತ್ತಾಪುರ ಎಂಬ ಹೆಸರೊಂದೇ 9 ಸಂಕೇತಗಳನ್ನು ಬಳಸುತ್ತದೆ. ಆದುದರಿಂದ ಪೂರ್ಣ ವಿವರವನ್ನು ಹೆಸರಿನಲ್ಲಿ ತುಂಬದೆ ಪ್ರತ್ಯೇಕ ಸೂಚಿಯಲ್ಲಿ ಇಡುವುದು ಲೇಸು.

ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿರುವ ಕಡತಗಳ ಸಮಸ್ಯೆ ಇನ್ನೂ ಆಳವಾದುದು. ಅಲ್ಲಿ ಕನ್ನಡದ ಅಕ್ಷರಭಾಗಗಳು ರೋಮನ್ ಚಿಹ್ನೆಗಳ ಸ್ಥಾನದಲ್ಲಿ ಕೂತಿವೆ. ‘ಧರ್ಮ’ ಎಂಬಲ್ಲಿ ಅರ್ಕಾವೊತ್ತು ಕಾಣುವ ಕ್ರಮದಂತೆ ಮಕಾರದ ನಂತರ ಬರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರಣೆಯ ಕ್ರಮದಂತೆ ರೇಫ ಮೊದಲು ಬರುತ್ತದೆ. ಹೀಗಾಗಿ ಸಂಕೇತ ಬದಲಿಸುವ ಸಾಮಾನ್ಯ ಉಪಕರಣವಾದ ‘ಐಕಾನ್ವ್’ ಇಲ್ಲಿ ನಿಷ್ಪ್ರಯೋಜಕ. ಆಯಾ ಅಕ್ಷರಶೈಲಿಗೆ ಬರೆದ ಪರಿವರ್ತಕವೇ ಬೇಕು. ಪರಿವರ್ತನೆಯ ನಂತರ ಹಳಗನ್ನಡದ ಱ ಮತ್ತು ೞ ಅಕ್ಷರಗಳನ್ನು ಗ್ರೆಪ್‌ನಿಂದ ಎಣಿಸಿ ಮೂಲದೊಡನೆ ತಾಳೆ ನೋಡುವುದು ಅಗತ್ಯ. ಯೂನಿಕೋಡ್ ಪಟ್ಟಿಯಲ್ಲಿ ೞಕಾರಕ್ಕೆ ‘ಫ’ ಎಂಬ ತಪ್ಪು ಹೆಸರು ಸೇರಿಹೋಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲವೆಂಬ ನಿಯಮದ ಕಾರಣ ಸರಿಯಾದ ಹೆಸರನ್ನು ಪರ್ಯಾಯವಾಗಿ ಮಾತ್ರ ಸೇರಿಸಲಾಗಿದೆ. ಹಳಗನ್ನಡ ಬಲ್ಲವರು ಈ ಕೆಲಸದಲ್ಲಿ ಏಕೆ ಇರಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಉಪಸಂಹಾರ

ಆಜ್ಞಾಸಾಲಿನ ಉಪಕರಣಗಳ ಮುಖ್ಯ ಗುಣ ವೇಗವಲ್ಲ. ಮಾಡಿದ ಕೆಲಸವನ್ನು ಬರೆದಿಡಬಹುದು, ಇನ್ನೊಬ್ಬರು ಅದನ್ನೇ ಮತ್ತೆ ಮಾಡಿ ಪರೀಕ್ಷಿಸಬಹುದು ಎಂಬುದೇ ಅವುಗಳ ಶಾಸ್ತ್ರೀಯ ಮೌಲ್ಯ. ಆದರೆ ಅವು ಬೈಟುಗಳನ್ನು ಬಲ್ಲವೇ ಹೊರತು ಪಾಠವನ್ನು ಬಲ್ಲವಲ್ಲ. ಎರಡು ಸೇಡಂಗಳು ಒಂದೇ ಎಂದು ನಿರ್ಣಯಿಸುವುದು, ೞಕಾರ ಳಕಾರವಾದಾಗ ಕಾಲವೇ ಬದಲಾದಂತೆ ಎಂದು ಗುರುತಿಸುವುದು ಕನ್ನಡ ವಿದ್ವಾಂಸರ ಕೆಲಸ. ಸಂಶೋಧನ ವಿಧಾನದ ಪತ್ರಿಕೆಯಲ್ಲಿ ಈ ವಿಷಯಕ್ಕೆ ಸ್ಥಾನ ದೊರೆಯಬೇಕು. ಮಹಾಪ್ರಬಂಧದೊಡನೆ ಮೂಲ ಕಡತಗಳ ಸೂಚಿ, ಅವುಗಳ ಮುದ್ರೆಗಳ ಪಟ್ಟಿ ಮತ್ತು ಒಂದು ಪ್ರತಿಯನ್ನು ವಿಭಾಗವು ಪಡೆಯುವಂತಾಗಬೇಕು. ನಾಗಾವಿಯ ಘಟಿಕಾಸ್ಥಾನದಲ್ಲಿ ಭಂಡಾರಿಗರು ಬೇರೆಯಾಗಿದ್ದರು. ಅಂತಹ ನೇಮಕವಿಲ್ಲದ ಇಂದು, ಸಾಮಗ್ರಿಯನ್ನು ಸಂಗ್ರಹಿಸಿದವರೇ ಅದರ ಭಂಡಾರಿಗರೂ ಆಗಬೇಕಾಗಿದೆ.