ತಾಯಿಯ ಓಲೆ

ಕೊಡಗು ಸೈನಿಕರ ನಾಡು. 1949ರ ಜನವರಿ 15ರಂದು ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕೆ. ಎಂ. ಕಾರ್ಯಪ್ಪನವರೂ 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ಕೆ. ಎಸ್. ತಿಮ್ಮಯ್ಯನವರೂ ಈ ನೆಲದ ಮಕ್ಕಳು. ಇವರ ಹೆಸರುಗಳನ್ನು ಚರಿತ್ರೆ ಉಳಿಸಿಕೊಂಡಿದೆ. ಆದರೆ ಅಲ್ಲಿಯ ಮನೆಮನೆಗಳಿಂದ ಗಡಿಗೆ ಹೋದ ಮಕ್ಕಳಿಗೆ ತಾಯಂದಿರು ಬರೆದ ಓಲೆಗಳನ್ನು ಎಣಿಸಿದವರಿಲ್ಲ.

ಗಡಿ ಕಾಯುವ ಸೈನಿಕನ ವಿಳಾಸವು ಇತರರ ವಿಳಾಸದಂತಲ್ಲ. ಅದರಲ್ಲಿ ಅವನ ಸಂಖ್ಯೆ, ಹೆಸರು, ಪಡೆಯ ಹೆಸರು ಇರುತ್ತವೆ. ಕೊನೆಯಲ್ಲಿ '56 ಎ.ಪಿ.ಓ.' ಅಥವಾ '99 ಎ.ಪಿ.ಓ.' ಎಂದಿರುತ್ತದೆ. ಊರಿನ ಹೆಸರಿಲ್ಲ, ಬೆಟ್ಟದ ಹೆಸರಿಲ್ಲ. ಪಡೆ ಎಲ್ಲಿದೆಯೆಂಬುದು ಶತ್ರುವಿಗೆ ತಿಳಿಯಬಾರದಷ್ಟೆ? ಓಲೆಯು ಸೇನೆಯ ಅಂಚೆ ಕಚೇರಿಯನ್ನು ಸೇರಿ, ಅಲ್ಲಿಂದ ಪಡೆಯನ್ನು ಹುಡುಕಿಕೊಂಡು ಹೋಗುತ್ತದೆ. ಹೀಗೆ, ಮಗನಿರುವ ತಾಣವನ್ನರಿಯದೆಯೇ ತಾಯಿ ಅವನಿಗೆ ಬರೆಯಬೇಕಾಗುತ್ತಿತ್ತು.

ನಮ್ಮ ದೇಶದಲ್ಲಿ 1950ರಲ್ಲಿ ಬಳಕೆಗೆ ಬಂದ ಇನ್‌ಲ್ಯಾಂಡ್ ಪತ್ರ ಇಂಥ ತಾಯಂದಿರಿಗೆ ಒದಗಿಬಂದಿತು. ಅದು ಮಡಿಸಿ ಅಂಟಿಸುವ ಒಂದೇ ಹಾಳೆ. ಅದರೊಳಗೆ ಬೇರೇನನ್ನೂ ಇಡಕೂಡದೆಂಬುದು ಅಂಚೆಯ ನಿಯಮ. ತೋಟದ ಹೂವಿನ ಒಂದು ಎಸಳನ್ನೂ ಕಳುಹಿಸುವಂತಿಲ್ಲ. ಕಳುಹಿಸಬೇಕೆನಿಸಿದ್ದೆಲ್ಲವನ್ನೂ ಮಾತಾಗಿಸಿಯೇ ಕಳುಹಿಸಬೇಕು.

ಆದುದರಿಂದಲೇ ಆ ಓಲೆಗಳಲ್ಲಿ ಊರೇ ತುಂಬಿರುತ್ತಿತ್ತು. ಆಶೀರ್ವಾದ, ಕ್ಷೇಮಸಮಾಚಾರಗಳು ಮುಗಿದೊಡನೆ ಹೂಮಳೆಯ ಸುದ್ದಿ: ಮಳೆ ಬಿದ್ದ ಕೆಲವು ದಿನಗಳಿಗೆ ಕಾಫಿಯ ತೋಟವೆಲ್ಲ ಬೆಳ್ಳಗೆ ಅರಳಿ ಅಂಗಳದವರೆಗೂ ಪರಿಮಳ ಹಬ್ಬಿತು. ಬಳಿಕ ಕರು ಹಾಕಿದ ಹಸು, ನೆರೆಮನೆಯ ಮದುವೆ, ಗದ್ದೆಯ ನಾಟಿ. ಹುತ್ತರಿಯ ರಾತ್ರಿ ಹೊಸ ಕದಿರನ್ನು ಮನೆಗೆ ತಂದಾಗ ಎಲ್ಲರೂ ಅವನನ್ನು ನೆನೆದರೆಂಬ ಒಂದು ಸಾಲು. ಅಕ್ಷರ ಬಾರದ ತಾಯಿ ನೆರೆಯ ಶಾಲಾಬಾಲಕನಿಂದ ಇದನ್ನೆಲ್ಲ ಬರೆಯಿಸುತ್ತಿದ್ದಳು.

ಇಂಥ ಓಲೆಯಲ್ಲಿ ಬರೆಯದೆ ಬಿಟ್ಟ ಮಾತುಗಳೂ ಇರುತ್ತಿದ್ದವು. ಹೂಮಳೆ ತಡವಾದರೆ ಫಸಲು ಕುಗ್ಗುತ್ತದೆ, ಸಾಲ ಬೆಳೆಯುತ್ತದೆ. 'ಮಳೆ ತುಸು ತಡವಾಯಿತು' ಎಂದಷ್ಟೇ ತಿಳಿಸಿ ತಾಯಿ ಕರುವಿನ ಮಾತಿಗೆ ಹೊರಳುತ್ತಿದ್ದಳು. ಮಂಜಿನ ಬೆಟ್ಟದ ಮೇಲೆ ಎಚ್ಚರದಿಂದಿರಬೇಕಾದ ಮಗನ ಮನಸ್ಸು ಮನೆಯ ಚಿಂತೆಯಿಂದ ಕಲಕಬಾರದೆಂಬುದು ಅವಳ ಎಣಿಕೆ. ತೋಟದಲ್ಲಿಯೇ ಬೆಳೆದ ಮಗನಾದರೋ ಆ ಒಂದು ಸಾಲಿನಲ್ಲಿಯೇ ಎಲ್ಲವನ್ನೂ ಓದಿಕೊಳ್ಳಬಲ್ಲವನಾಗಿದ್ದನು. ಅವನೂ ತನ್ನ ಉತ್ತರದಲ್ಲಿ ಚಳಿಯ ಕಠೋರತೆಯನ್ನು ಮರೆಮಾಚಿ, 'ನಾನು ಸುಖವಾಗಿದ್ದೇನೆ' ಎಂದು ಬರೆಯುತ್ತಿದ್ದನು. ಒಬ್ಬರ ಮರೆಮಾಚುವಿಕೆ ಇನ್ನೊಬ್ಬರಿಗೆ ತಿಳಿದೇ ಇರುತ್ತಿತ್ತು.

ಇಂದು ದೂರವಾಣಿ ಎಲ್ಲರ ಕೈಗೂ ಬಂದಿದೆ; ತಾಯಿಯ ದನಿ ಕ್ಷಣಮಾತ್ರದಲ್ಲಿ ಮಗನನ್ನು ಮುಟ್ಟುತ್ತದೆ. ಆದರೂ ಊರ ಸಣ್ಣಪುಟ್ಟ ಸುದ್ದಿಗಳನ್ನು ಅವಳು ಹೇಳದೆ ಬಿಡುವುದಿಲ್ಲ. ಕರುವಿನ ಸುದ್ದಿಯಿಂದ ಗಡಿಯಲ್ಲಿರುವವನಿಗೆ ಆಗಬೇಕಾದುದೇನು ಎಂದು ಕೇಳಬಹುದು. ಮನೆಯಲ್ಲಿ ತನ್ನ ಸ್ಥಾನ ತೆರವಾಗಿಲ್ಲ, ತನ್ನನ್ನು ಬಿಟ್ಟು ಅಲ್ಲಿ ಯಾವುದೂ ನಡೆಯುತ್ತಿಲ್ಲ ಎಂಬ ಭರವಸೆಯನ್ನು ಅವನು ಆ ಸುದ್ದಿಯಲ್ಲಿ ಕಾಣುತ್ತಾನೆ. ಮಗನಿರುವ ತಾಣವನ್ನರಿಯದ ತಾಯಿ ಅವನಿಗೆ ಕೊಡಬಲ್ಲ ದೊಡ್ಡ ಕಾಣಿಕೆ ಅದೇ.