ಮಳೆ ಜೋರಾದರೆ ಅತ್ತೆಗೆ ನಿದ್ದೆಯಿಲ್ಲ

ಕೊಡಗಿನ ಮಕ್ಕಂದೂರು ಕಡೆಯ ಸೊಸೆಯೊಬ್ಬರ ಪತ್ರ. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಮನೆ ಬಿಟ್ಟು ಬಂದ ಅತ್ತೆ, ಕಕ್ಕಡ ತಿಂಗಳ ಮಳೆ ಹಿಡಿದರೆ ಈಗಲೂ ರಾತ್ರಿಯಿಡೀ ಎದ್ದು ಕೂರುತ್ತಾರೆ. ಆ ದಿನದ ಕತೆಯನ್ನು ಅವರು ಹೇಳುವುದು ಒಂದು ರೀತಿ, ಮಗ ಹೇಳುವುದು ಇನ್ನೊಂದು. ಯಾರದ್ದು ಸುಳ್ಳು ಎಂಬುದೇ ಊಟದ ಹೊತ್ತಿನ ಜಗಳ.

ಯಾರದ್ದೂ ಸುಳ್ಳಿರಬೇಕಿಲ್ಲ.

1986ರಲ್ಲಿ ಚಾಲೆಂಜರ್ ಗಗನನೌಕೆ ಸಿಡಿದ ಮರುದಿನ ಮನಶ್ಶಾಸ್ತ್ರಜ್ಞ ಉಲ್ರಿಕ್ ನೈಸರ್ ಅಮೆರಿಕದ ಎಮರಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ, ಸುದ್ದಿ ಕೇಳಿದ್ದು ಎಲ್ಲಿ, ಯಾರಿಂದ ಎಂದು ಬರೆಸಿಕೊಂಡರು. ಎರಡೂವರೆ ವರ್ಷದ ನಂತರ ಮತ್ತೆ ಕೇಳಿದರೆ, 44 ಮಂದಿಯಲ್ಲಿ ಕಾಲುಭಾಗದವರ ಉತ್ತರ ಪೂರ್ತಿ ತಪ್ಪು. ತಮ್ಮದೇ ಕೈಬರಹ ತೋರಿಸಿದರೂ ಮೊದಲಿನ ನೆನಪು ಮರಳಲಿಲ್ಲ. ನೆನಪಿಸಿಕೊಂಡಾಗಲೆಲ್ಲ ಮನಸ್ಸು ಘಟನೆಯನ್ನು ಹೊಸದಾಗಿ ಜೋಡಿಸುತ್ತದೆ. ಗುಡ್ಡ ಜರಿದದ್ದು ನಿಜ, ಹೆದರಿದ್ದೂ ನಿಜ. ಗಂಟೆ, ಹಿಂದುಮುಂದು ಬದಲಾಗಿರಬಹುದು. ಮಗ ತಿದ್ದುವುದನ್ನು ಬಿಡಲಿ. ಗೆದ್ದು ಆಗಬೇಕಾದ್ದಾದರೂ ಏನು?

ಹಾಗೆಂದು ‘ಎಲ್ಲ ಹೇಳಿಬಿಡಿ, ಹಗುರಾಗುತ್ತೆ’ ಎಂದು ಒತ್ತಾಯಿಸುವುದೂ ಬೇಡ. ಆಘಾತವಾದ ಕೂಡಲೇ ಕೂರಿಸಿ ಎಲ್ಲವನ್ನೂ ಹೇಳಿಸುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುವುದಿಲ್ಲ. ಅತ್ತೆ ತಾವಾಗಿ ಮಾತು ತೆಗೆದಾಗ ಸೊಸೆ ಕಿವಿಗೊಟ್ಟರೆ ಸಾಕು.

ವರ್ಷಗಟ್ಟಲೆ ಉಳಿದ ನಿದ್ದೆಗೇಡು ಮಾತ್ರ ಬೇರೆ ವಿಷಯ. ವಯಸ್ಸಾಯಿತು ಎಂದು ತಳ್ಳಿಹಾಕದೆ ಮನೋವೈದ್ಯರಿಗೆ ತೋರಿಸಬೇಕು. ಆಘಾತದ ನೆನಪಿಗೆಂದೇ ರೂಪಿಸಿದ ಮಾತಿನ ಚಿಕಿತ್ಸೆಗಳು ಇಷ್ಟು ವರ್ಷ ಕಳೆದ ಮೇಲೂ ಫಲ ಕೊಡುತ್ತವೆ. ಮಡಿಕೇರಿಗೆ ಹೋಗಲು ಅತ್ತೆ ಒಪ್ಪದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮೊದಲ ಕರೆಯನ್ನು ಸೊಸೆಯೇ ಮಾಡಿದರೂ ಆದೀತು.