ಹುಸಿ ತೋಟಾಗಳಿಂದ ಕೋವಿಯ ಅಭ್ಯಾಸ

ಮಡಿಕೇರಿಯ ಸಹೋದರಿಯವರಿಗೆ,

ಮನೆತನದ 12 ಬೋರಿನ ಜೋಡುನಳಿಗೆಯ ಕೋವಿಯನ್ನು ಮಗನ ಕೈಗೊಪ್ಪಿಸುವ ಮುನ್ನ ಹುಸಿ ತೋಟಾಗಳಿಂದ ಅಭ್ಯಾಸ ಮಾಡಿಸಬೇಕೆಂಬ ತಮ್ಮ ಸಂಕಲ್ಪವು ಸರ್ವಥಾ ಸಮಂಜಸವಾದುದು. ಮದ್ದು, ಚರೆ, ಕೇಪು ಯಾವುದೂ ಇಲ್ಲದೆ, ಕೇಪಿನ ಸ್ಥಾನದಲ್ಲಿ ಸೂಜಿಯ ಆಘಾತವನ್ನು ತಾಳಿಕೊಳ್ಳುವ ಸ್ಪ್ರಿಂಗನ್ನೋ ರಬ್ಬರನ್ನೋ ಉಳ್ಳ, ಕಾರ್ಖಾನೆಯಲ್ಲಿ ತಯಾರಾದ ತೋಟಾವೇ ಉತ್ತಮ. ನಿಜ ತೋಟಾವನ್ನು ಬಿಚ್ಚಿ, ಮದ್ದನ್ನು ಸುರಿದು, ಮನೆಯಲ್ಲಿಯೇ ಹುಸಿಯಾಗಿಸುವ ಜಾಣತನವನ್ನು ನಾನು ಎಂದಿಗೂ ಅನುಮೋದಿಸಲಾರೆ. ಒಳಗುಳಿದ ಕೇಪೊಂದೇ ಅನರ್ಥಕ್ಕೆ ಸಾಕು.

ನೋಡಿದೊಡನೆ ಭೇದ ತಿಳಿಯುವಂತೆ ಹುಸಿ ತೋಟಾದ ಬಣ್ಣ ಬೇರೆಯಿರಲಿ, ಆದರೆ ಹಳದಿ ಬೇಡ. ಅದು ರೂಢಿಯಿಂದ 20 ಬೋರಿನ ತೋಟಾದ ಬಣ್ಣ. ಹುಸಿಯೆಂದು ಭಾವಿಸಿ ತುಂಬಿದ ಆ ಕಿರುತೋಟಾ ತಮ್ಮ ಕೋವಿಯ ನಳಿಗೆಯೊಳಕ್ಕೆ ಜಾರಿ ಕಾಣದಂತೆ ಸಿಕ್ಕಿಕೊಂಡಿರುವಾಗ, ಬರಿದೆಂದು ಭ್ರಮಿಸಿ ಅದರ ಹಿಂದೆ 12 ಬೋರಿನ ತೋಟಾವನ್ನು ತುಂಬಿ ಹಾರಿಸಿದಲ್ಲಿ ನಳಿಗೆಯೇ ಸಿಡಿದುಹೋಗುವುದು.

ಅಭ್ಯಾಸದ ಕೋಣೆಯಲ್ಲಿ ನಿಜ ತೋಟಾ ಒಂದೂ ಇರಕೂಡದು. ಕೋವಿಯನ್ನು ತೆರೆದು, ಎರಡೂ ನಳಿಗೆಗಳನ್ನು ಕಣ್ಣಿನಿಂದ ಪರೀಕ್ಷಿಸಿ, ತೋಟಾಮನೆಗಳನ್ನು ಬೆರಳಿನಿಂದಲೂ ಮುಟ್ಟಿ ನೋಡಿದ ಬಳಿಕವೇ ತುಂಬುವುದು, ಮುಚ್ಚುವುದು, ತೆಗೆಯುವುದು ನಡೆಯಲಿ. ತುಂಬಿದ್ದು ಹುಸಿಯೆಂಬ ಧೈರ್ಯದಿಂದ ನಳಿಗೆಯನ್ನು ಮನುಷ್ಯರತ್ತ ತಿರುಗಿಸುವುದು ಮಾತ್ರ ಸಲ್ಲದು. ಕೊಡವರಿಗೆ ಪರವಾನಗಿಯ ವಿನಾಯಿತಿಯುಂಟೆಂಬ ತಮ್ಮ ಮಾತು ದಿಟವೇ, ಆದರೆ ಅದು ಈ ಶಿಕ್ಷಣಕ್ಕೆ ಪರ್ಯಾಯವಲ್ಲ. ಬರುವ ಕೈಲು ಮುಹೂರ್ತದ ಹಬ್ಬದಲ್ಲಿ ಹುಡುಗನು ತೆಂಗಿನಕಾಯಿಗೆ ಗುರಿಯಿಡುವುದಕ್ಕೆ ಮೊದಲೇ ಇದನ್ನು ಆರಂಭಿಸಿರಿ.